ಇನ್ನೂ ಯಾರೂ ಸಾಯದ ರಸ್ತೆ

ಏರುವಾಗ ನೂಬಿಯಾ, ಇಳಿಯುವಾಗ ಅವಳ ಅಜ್ಜಿ ಎಂದು ತಿಬಗೋತ ಊರಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತ್ತು. ಹುಟ್ಟಿಸಿದವನು ಆಲೂಗಡ್ಡೆ ಲಾರಿಯ ಕುಸ್ತೋದಿಯೊ. ಪೆನ್ಯಾ ನೆಗ್ರಾ ಘಾಟಿಯ ಏರಿನಲ್ಲಿ ಅವನ ಲಾರಿ ನರಳುತ್ತ, ಕೆಮ್ಮುತ್ತ, ಕಪ್ಪು ಹೊಗೆ ಉಗುಳುತ್ತ ಹೋಗುವಾಗ ಪಕ್ಕದಲ್ಲಿ ಸೈಕಲ್ಲಿನ ಮೇಲೆ ಸಣಕಲು ಹುಡುಗಿಯೊಬ್ಬಳು ಕಾಣಿಸಿಕೊಂಡು, "ಏನ್ ಮಾಮ, ಲಾರಿಗೆ ಬೆಳಿಗ್ಗೆ ಮೇವು ಹಾಕಿಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದಿನ ತಿರುವಿನಲ್ಲಿ ಮಾಯವಾಗುತ್ತಿದ್ದಳು. ಘಾಟಿಯ ನೆತ್ತಿ ದಾಟಿದ ಮೇಲೆ ಆಟ ತಿರುಗುತ್ತಿತ್ತು. ಇಳಿಜಾರಿನಲ್ಲಿ ಅದೇ ಹುಡುಗಿ ಬ್ರೇಕು ಹಿಡಿದುಕೊಂಡು, ತಲೆಯ ಮೇಲೆ ಮೊಟ್ಟೆಬುಟ್ಟಿ ಹೊತ್ತವಳಂತೆ ಇಳಿಯುವಾಗ ಲಾರಿ ಅವಳನ್ನು ಹಿಂದೆ ಹಾಕುತ್ತಿತ್ತು.

"ಹತ್ಕೊಳ್ಳೇ ಮೂಟೆ ಮೇಲೆ! ನನ್ ಆಲೂಗಡ್ಡೆಗೂ ನಿನಗಿಂತ ಅವಸರ ಐತೆ!"

ನಗು ಅಲ್ಲಿಗೇ ನಿಲ್ಲುತ್ತಿತ್ತು. ಮುಂದೆ ಎಡಕ್ಕೆ ಹೊರಳುವ ಒಂದು ದೊಡ್ಡ ತಿರುವು ಬರುತ್ತದೆ. ಅಲ್ಲಿ ಕುಸ್ತೋದಿಯೊ ಟೋಪಿ ತೆಗೆದು ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡು ಹೆಬ್ಬೆರಳಿಗೆ ಮುತ್ತಿಡುತ್ತಿದ್ದ. ತಿರುವಿನ ಬಲಬದಿಗೆ, ಕಣಿವೆಯ ಅಂಚಿಗೆ, ಎರಡು ಶಿಲುಬೆಗಳಿವೆ. ಒಂದು ತುಕ್ಕು ಹಿಡಿದ ಕಬ್ಬಿಣದ್ದು. ಯಾರದೆಂದು ಊರಿನ ಮುದುಕರಿಗೂ ಮರೆತುಹೋಗಿದೆ. ಇನ್ನೊಂದು ಬಿಳಿಯದು, ನೂಬಿಯಾಳ ಅಣ್ಣ ಮಿಸಾಯೆಲ್ ಸಿಯಾಚೋಕೆಯದು.

ಈ ಬೊಯಾಕಾ ಸೀಮೆಯ ಬೆಟ್ಟಗಳಲ್ಲಿ ರಸ್ತೆಯ ಮೇಲೆ ಸತ್ತವನಿಗೆ ಸತ್ತ ಜಾಗದಲ್ಲೇ ಶಿಲುಬೆ. ಅವನನ್ನು ಮಾತಾಡಿಸದೆ ದಾಟಬಾರದು. ದಾಟಿದರೆ ಅವನು ಬೆನ್ನು ಹತ್ತುತ್ತಾನೆ ಎಂದು ಕೆಲವರು ಹೇಳುತ್ತಾರೆ. ಇಲ್ಲ, ಮತ್ತೆಂದೂ ಹತ್ತಿರ ಬರುವುದಿಲ್ಲ ಎಂದು ಇನ್ನು ಕೆಲವರು. ಯಾವುದು ಹೆಚ್ಚು ಭಯದ್ದು ಎಂಬುದು ಸತ್ತವನು ಅವರವರಿಗೆ ಏನಾಗಬೇಕು ಎಂಬುದರ ಮೇಲೆ ನಿಂತಿದೆ. ಬಸ್ಸಿನವನಿರಲಿ, ಹಾಲಿನವನಿರಲಿ, ರೇಸಿನಲ್ಲಿ ಹಾರಿಹೋಗುವ ಸೈಕಲ್ಲಿನವನೇ ಇರಲಿ, ಶಿಲುಬೆ ಕಂಡರೆ ಬಲಗೈ ಎತ್ತಲೇಬೇಕು. ನೂಬಿಯಾಳ ತಾಯಿ ಎರ್ಸೀಲಿಯಾ ತನ್ನ ಇಬ್ಬರು ಮಕ್ಕಳಿಗೂ ನಡೆಯುವುದನ್ನು ಕಲಿಸಿದ ಮೇಲೆ ಕಲಿಸಿದ ಮೊದಲ ವಿದ್ಯೆ ಅದು.

ಮಿಸಾಯೆಲ್‌ಗೆ ಏರು ಎಂದರೆ ಆಗುತ್ತಿರಲಿಲ್ಲ. ದಪ್ಪ ತೊಡೆ, ಅಗಲ ಎದೆ, ಊಟ ಕಂಡರೆ ಪ್ರಾಣ. ನೂಬಿಯಾ ಅವನ ಮುಂದೆ ತುಳಿಯುತ್ತ, ಬೈಯುತ್ತ, ಅವನನ್ನು ಮೇಲಕ್ಕೆ ಎಳೆದೊಯ್ಯುತ್ತಿದ್ದಳು. "ಬಾರೋ ಹಂದಿ, ಮೇಲೆ ಸೂಪ್ ಇಟ್ಟವ್ರೆ ಬಾ." ನೆತ್ತಿ ಮುಟ್ಟಿದ ಮೇಲೆ ಅವನು ರಾಜ. "ನನ್ ಹಿಂದಿನ ಚಕ್ರ ಬಿಟ್ಟು ಬೇರೇನೂ ನೋಡ್ಬೇಡ ಕಣೇ," ಎಂದು ಹೇಳಿ ಬೆನ್ನು ಬಗ್ಗಿಸಿದನೆಂದರೆ ನೀರು ಕಾಲುವೆ ಹಿಡಿದ ಹಾಗೆ ಇಳಿಯುತ್ತಿದ್ದ. ಅವನ ಹಿಂಚಕ್ರದ ಫ್ರೀವೀಲು ಹಳೆಯದು. ತುಳಿಯುವುದನ್ನು ನಿಲ್ಲಿಸಿದರೆ ನೂರು ಜೀರುಂಡೆ ಒಟ್ಟಿಗೆ ಕೂಗಿದ ಸದ್ದು. ಆ ಸದ್ದಿನ ಬಾಲ ಹಿಡಿದುಕೊಂಡು ನೂಬಿಯಾ ಕಣ್ಣು ಮುಚ್ಚಿಯೂ ಇಳಿಯಬಲ್ಲವಳಾಗಿದ್ದಳು. ಅವರಿಗೆ ತರಬೇತಿ ಕೊಡುತ್ತಿದ್ದ ದೋನ್ ಅರಿಸ್ತೊಬುಲೊ, "ನಿಮ್ಮಿಬ್ರನ್ನೂ ಕೂಡಿಸಿ ಹೊಲಿದ್ರೆ ಒಬ್ಬ ಒಳ್ಳೇ ಸೈಕಲ್ಲಿನವನು ಆಗ್ತಾನೆ," ಅನ್ನುತ್ತಿದ್ದ.

ಈಗ ಹೊಲಿಗೆ ಬಿಚ್ಚಿ ಎರಡು ವರ್ಷ. ಅರ್ಧ ಉಳಿದಿತ್ತು.

ಯಾರಿಗೂ ಹೇಳದ ಮಾತೊಂದು ನೂಬಿಯಾಳ ಬಳಿ ಇತ್ತು. ಆ ತಿರುವಿನಲ್ಲಿ ಅವಳು ಸೈಕಲ್ಲನ್ನು ನಡಿಗೆಯ ವೇಗಕ್ಕೆ ಇಳಿಸಿ, ಕೈ ಎತ್ತಿ, ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಅಡ್ಡ ಇಟ್ಟು ಮುತ್ತಿಟ್ಟ ಮೇಲೆ, ಬೆನ್ನ ಹಿಂದೆ ಜೀರುಂಡೆಗಳು ಶುರುವಾಗುತ್ತಿದ್ದವು. ತನ್ನ ಚಕ್ರದ ಸದ್ದಲ್ಲ. ಅದು ಹೊಸದು, ಅದಕ್ಕೆ ಬಾಯಿಯೇ ಇಲ್ಲ. ಮಂಜಿನೊಳಗಿಂದ ಆ ಜೀರುಂಡೆ ಸದ್ದು ಅವಳ ಹಿಂದೆಯೇ ಇಳಿದು ಬಂದು ಕೆಳಗಿನ ಸೇತುವೆಯ ತನಕ ಜೊತೆ ಕೊಟ್ಟು ಅಲ್ಲಿ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಹೋಗುತ್ತದೆಂದು ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಅರಿಸ್ತೊಬುಲೊನಲ್ಲಿ ಒಂದು ರೂಢಿ. ಪ್ರತಿ ರೇಸುಗಾಲ ಶುರುವಾಗುವ ಮೊದಲು ಹುಡುಗಿಯರನ್ನೆಲ್ಲ ಹಿತ್ತಲಲ್ಲಿ ಒಲೆಯ ಸುತ್ತ ಕೂರಿಸುತ್ತಾನೆ. ಒಲೆಯ ಮೇಲೆ ಆಲೂಗಡ್ಡೆ, ಜೋಳ, ಕೋಳಿ ಹಾಕಿದ ಹಂಡೆ. ಒಬ್ಬೊಬ್ಬಳೂ ತನ್ನ ಬಲಕ್ಕೆ ಕೂತವಳ ಬಲವೇನು, ಕೊರತೆಯೇನು ಎಂದು ಮುಖದ ಮೇಲೆ ಹೇಳಬೇಕು. ಸಾರು ಕುದಿಯುವವರೆಗೆ ಏನು ಬೇಕಾದರೂ ಅನ್ನಬಹುದು. ಕುದಿದ ಮೇಲೆ ಯಾರೂ ಮುನಿಸಿಕೊಳ್ಳುವ ಹಾಗಿಲ್ಲ.

ನೂಬಿಯಾಳ ಎಡಕ್ಕೆ ಕೂತಿದ್ದವಳು ಯಾನೆತ್. ತಂಡದಲ್ಲಿ ಗೆರೆ ಮುಟ್ಟುವ ಕೊನೆಯ ಓಟಕ್ಕೆ ಅವಳನ್ನು ಬಿಟ್ಟರಿಲ್ಲ, ನಾಲಿಗೆಗೂ ಅವಳನ್ನು ಬಿಟ್ಟರಿಲ್ಲ.

"ಬೆಟ್ಟ ಇದ್ರೆ ಇವಳು ಮೇಕೆ," ಎಂದಳು ಯಾನೆತ್. "ಇಳಿಜಾರಿದ್ರೆ ತುಂಬು ಬಸುರಿ ಹಸು. ಹಿಂದೆ ಸಿಕ್ಕಾಕ್ಕೊಂಡ್ರೆ ನಮಗೂ ಹೆರಿಗೆ ನೋವು."

ಎಲ್ಲರೂ ನಕ್ಕರು. ನೂಬಿಯಾಳೂ ನಕ್ಕಳು. ಯಾನೆತ್ ನಗಲಿಲ್ಲ.

"ಸುಮ್ನೆ ಅಂತಿಲ್ಲ ಕಣೇ. ಭಯ ಆದ್ರೆ ಭಯ ಅನ್ನು, ನಾವೇನು ನಿನ್ನ ತಿಂದುಬಿಡ್ತೀವಾ? ನಿಮ್ಮಣ್ಣ ಹುಚ್ಚುವೇಗದಲ್ಲಿ ಹೋಗಿ ಬಿದ್ದ ಅಂತ ನೀನು ಜೀವಮಾನವೆಲ್ಲ ಬ್ರೇಕ್ ಹಿಡ್ಕೊಂಡಿರ್ತೀಯಾ?"

"ಅವನು ಹುಚ್ಚುವೇಗದಲ್ಲಿ ಹೋಗ್ತಿರ್ಲಿಲ್ಲ," ಎಂದಳು ನೂಬಿಯಾ. ಅಷ್ಟರಲ್ಲಿ ಸಾರು ಕುದಿಯಿತು. ಮಾತು ಅಲ್ಲಿಗೇ ಬಿತ್ತು.

ಬಟ್ಟಲು ಕೈಗೆ ಕೊಡುವಾಗ ಅರಿಸ್ತೊಬುಲೊ ಅವಳೊಬ್ಬಳಿಗೇ ಕೇಳುವಂತೆ ಹೇಳಿದ: "ಮುಂದಿನ ತಿಂಗಳು ಸಾನ್ ರೋಕೆ ರೇಸು. ಪೆನ್ಯಾ ನೆಗ್ರಾ ಹತ್ತಿ ಆ ಕಡೆ ಇಳಿಯೋದು. ಮೊದಲ ಮೂವರಲ್ಲಿ ನೀನಿದ್ರೆ ಈ ವರ್ಷ ತಂಡದಲ್ಲಿರ್ತೀಯ. ಇಲ್ಲಾಂದ್ರೆ ನಿನ್ನ ಜಾಗ ಕಾಯ್ತಿರೋರು ಬೇರೆಯವ್ರಿದಾರೆ, ಮಗಾ. ನಾನು ನಿಮ್ಮಮ್ಮನ ಮುಖ ನೋಡಿ ಎರಡು ವರ್ಷ ತಳ್ಳಿದೆ."

ಅರಿಸ್ತೊಬುಲೊಗೆ ಮುಂದಿನ ಎರಡು ಹಲ್ಲಿಲ್ಲ; ಯಾವುದೋ ಕಾಲದ ರೇಸಿನಲ್ಲಿ ಹಾರಿಹೋದದ್ದು. ಹಾಗಾಗಿ ಅವನ ಕಠಿಣ ಮಾತುಗಳೂ ಗಾಳಿಯಲ್ಲಿ ಸೋರಿ ಮೆತ್ತಗೆ ಕೇಳಿಸುತ್ತವೆ. ಆದರೂ ಅವು ಕಠಿಣವೇ.

ಮರುವಾರ ಅವನು ಅವಳನ್ನೂ ಸೈಕಲ್ಲನ್ನೂ ತನ್ನ ಮೋಟಾರ್ ಸೈಕಲ್ಲನ್ನೂ ಗಾಡಿಯಲ್ಲಿ ಹಾಕಿಕೊಂಡು ದೂರದ ಅಣೆಕಟ್ಟೆಯ ಹಿಂದಿನ ಬೆಟ್ಟಕ್ಕೆ ಹೋದ. ಅಲ್ಲಿ ಹೊಸ ರಸ್ತೆ ಆಗಷ್ಟೇ ತೆರೆದಿತ್ತು. ಡಾಮರಿನ ವಾಸನೆ ಇನ್ನೂ ಆರಿರಲಿಲ್ಲ. ತಿರುವುಗಳು ಪೆನ್ಯಾ ನೆಗ್ರಾದವಕ್ಕಿಂತ ಕೆಟ್ಟವು, ಕಣಿವೆ ಇನ್ನೂ ಆಳ.

"ಇಳಿ," ಎಂದ. "ನಾನು ಮೋಟಾರ್ ಸೈಕಲ್ಲಲ್ಲಿ ಹಿಂದೆ ಬರ್ತೀನಿ. ಒದರಲ್ಲ, ಬೈಯಲ್ಲ."

ನೂಬಿಯಾ ಇಳಿದಳು. ಮೊದಲ ತಿರುವಿನಲ್ಲಿ ಬೆರಳುಗಳು ಬ್ರೇಕಿನ ಮೇಲೆ ಕಾದವು. ಎರಡನೆಯದರಲ್ಲೂ ಕಾದವು. ಆಮೇಲೆ ಯಾವಾಗಲೋ ಅವು ಕಾಯುವುದನ್ನು ಮರೆತವು. ಮೈ ತಾನಾಗಿ ಒಳಕ್ಕೆ ಬಾಗುತ್ತಿತ್ತು, ಗಾಳಿ ಕಿವಿ ಹರಿಯುತ್ತಿತ್ತು, ಅಣ್ಣ ಇಳಿಯುತ್ತಿದ್ದ ಗೆರೆಯನ್ನೇ ಅವಳ ಚಕ್ರ ಆ ಅಪರಿಚಿತ ರಸ್ತೆಯ ಮೇಲೆ ಬರೆಯುತ್ತಿತ್ತು. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರು; ಗಾಳಿಯದೇ ಇರಬೇಕು. ಮೋಟಾರ್ ಸೈಕಲ್ ಬಂದು ಮುಟ್ಟಲು ತುಸು ಹೊತ್ತು ಹಿಡಿಯಿತು.

ಅರಿಸ್ತೊಬುಲೊ ಇಳಿದು ಅವಳನ್ನು ದೆವ್ವ ನೋಡಿದ ಹಾಗೆ ನೋಡಿದ.

"ಭಯದ ಮನೆ ಹಾಳಾಗ! ಭಯ ಇರೋಳು ಹಿಂಗೆ ಇಳೀತಾಳಾ? ಇಷ್ಟು ದಿನ ನಮ್ಮನ್ನೆಲ್ಲ ಮಂಗ ಮಾಡಿದ್ಯಾ? ಅಲ್ಲೇನೈತೆ, ಇಲ್ಲೇನಿಲ್ಲ? ಹೇಳು."

ನೂಬಿಯಾ ಮೇಲಕ್ಕೆ ನೋಡಿದಳು. ಕರ್ರಗೆ ಹೊಳೆಯುವ ಖಾಲಿ ರಸ್ತೆ. ಅಂಚಿನಲ್ಲಿ ಬಣ್ಣ ಬಳಿದ ಕಲ್ಲುಗಳು, ಹುಲ್ಲು, ಮತ್ತೆ ಏನೂ ಇಲ್ಲ.

"ಯಾರೂ ಇಲ್ಲ," ಎಂದಳು.

ಅರಿಸ್ತೊಬುಲೊ ಅವಳ ದೃಷ್ಟಿಯ ಹಿಂದೆಯೇ ಮೇಲೆ ನೋಡಿದ. ಅವನ ಕೈ ತಾನಾಗಿ ಹಣೆಗೆ ಹೋಯಿತು. "ಹೌದಲ್ಲ," ಎಂದ ಮೆತ್ತಗೆ. "ಈ ರಸ್ತೇಲಿ ಇನ್ನೂ ಯಾರೂ ಸತ್ತಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ನೂಬಿಯಾ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದಳು. ಎರಡು ವರ್ಷದಿಂದ ಅವಳು ತಿರುವುಗಳಿಗೆ ಬ್ರೇಕು ಹಿಡಿದಿರಲಿಲ್ಲ, ಶಿಲುಬೆಗಳಿಗೆ ಹಿಡಿದಿದ್ದಳು. ಒಂದು ಶಿಲುಬೆ ಕಂಡರೆ ಈ ಕೈ ಏಳಲು ಹೊರಡುತ್ತದೆ. ಏಳುವ ಕೈಯನ್ನು ತಡೆಯಲಾರಳು. ಹಾಗಾಗಿ ಕೈ ಎದ್ದರೂ ಬೀಳದಷ್ಟು ನಿಧಾನಕ್ಕೆ ಮೊದಲೇ ಇಳಿದುಬಿಡುತ್ತಾಳೆ. ಒಂದೊಂದು ಘಾಟಿಗೂ ಎಷ್ಟು ಸತ್ತವರು!

ಯಾಕೆಂದರೆ ಅವಳು ಕಂಡಿದ್ದಳು. ಊರು ಹುಚ್ಚುವೇಗ ಅಂದುಕೊಂಡಿತ್ತು, ಪಾದ್ರಿ ಯೌವನದ ಆತುರ ಅಂದಿದ್ದ. ಅಣ್ಣನ ಹಿಂಚಕ್ರ ಬಿಟ್ಟು ಬೇರೇನೂ ನೋಡದೆ ಬರುತ್ತಿದ್ದವಳು ಅವಳೊಬ್ಬಳೇ. ಮಳೆ ಬಿದ್ದು ನಿಂತ ರಸ್ತೆ. ಆ ದೊಡ್ಡ ತಿರುವು. ಅಂಚಿನಲ್ಲಿ ತುಕ್ಕು ಹಿಡಿದ ಆ ಕಬ್ಬಿಣದ ಶಿಲುಬೆ. ಮಿಸಾಯೆಲ್‌ನ ಬಲಗೈ ಹಿಡಿಯನ್ನು ಬಿಟ್ಟು ಹಣೆಗೆ ಹೋಯಿತು, ಎದೆಗೆ ಬಂತು. ಅಷ್ಟರಲ್ಲಿ ಮುಂದೆ ಜಲ್ಲಿ. ಹಿಂದಿನ ಬ್ರೇಕು ಇದ್ದದ್ದು ಬಲಗೈಗೆ. ಆ ಕೈ ಗಾಳಿಯಲ್ಲಿತ್ತು. ಎಡಗೈ ಮುಂದಿನ ಬ್ರೇಕನ್ನು ಮಾತ್ರ ಹಿಡಿಯಿತು, ಮುಂಚಕ್ರ ಜಾರಿತು. ಯಾರೆಂದೇ ಗೊತ್ತಿಲ್ಲದ ಸತ್ತವನೊಬ್ಬನನ್ನು ಮಾತಾಡಿಸಲು ಹೋಗಿ ಅಣ್ಣ ಸತ್ತ.

ಇದನ್ನು ಅಮ್ಮನಿಗೆ ಹೇಳುವುದು ಹೇಗೆ? ಆ ಕೈಗೆ ಆ ವಿದ್ಯೆ ಕಲಿಸಿದವಳು ಅಮ್ಮ. ಹುಚ್ಚುವೇಗ ಎಂದೇ ಇರಲಿ ಎಂದು ನೂಬಿಯಾ ಎರಡು ವರ್ಷ ಅಣ್ಣನ ಹೆಸರು ಕೆಡುವುದನ್ನು ನೋಡುತ್ತ ಸುಮ್ಮನಿದ್ದಳು.

ಈಗ ಅವಳ ಮುಂದೆ ಇದ್ದದ್ದು ಇಷ್ಟೇ. ಕೈ ಎತ್ತಿದರೆ ತಂಡ ಹೋಗುತ್ತದೆ. ಎತ್ತದಿದ್ದರೆ ಜೀರುಂಡೆಗಳು ಬರುವುದಿಲ್ಲ.

ರೇಸಿನ ದಿನ ಬೆಳಿಗ್ಗೆ ಎರ್ಸೀಲಿಯಾ ಹಸು ಕರೆದು ಬಂದು, ಕುದಿಯುವ ಬೆಲ್ಲದ ನೀರಿಗೆ ಗಿಣ್ಣಿನ ತುಂಡು ಹಾಕಿ ಮಗಳ ಮುಂದಿಟ್ಟಳು. ಒದ್ದೆ ಕೈಯನ್ನು ಮೈಮೇಲೆ ಹೊದ್ದ ಉಣ್ಣೆಯ ರುವಾನಾ ಕಂಬಳಿಗೆ ಒರೆಸಿಕೊಂಡಳು. ಆ ಕಂದು ರುವಾನಾ ಗಂಡನದು. ಅವಳಿಗೆ ಮೊಣಕಾಲಿನ ತನಕ ಬರುತ್ತದೆ.

"ಕುಸ್ತೋದಿಯೊ ಲಾರೀಲಿ ಹೋಗ್ತೀನಿ. ರಸ್ತೆ ಮುಚ್ಚೋ ಮೊದ್ಲೇ ಬಿಡ್ತಾನಂತೆ."

"ಸಾನ್ ರೋಕೆಗಾ? ಕೊನೇಲಿ ನಿಂತ್ಕೋ ಅಮ್ಮಾ, ಚರ್ಚಿನ ಮುಂದೆ. ಬಿಸಿಲಿರುತ್ತೆ."

"ಇಲ್ಲ. ತಿರುವಲ್ಲಿ ಇಳ್ಕೋತೀನಿ. ನಿಮ್ಮಣ್ಣನ ಹತ್ರ."

ನೂಬಿಯಾ ಬಟ್ಟಲನ್ನು ಕೆಳಗಿಟ್ಟಳು. "ಅಲ್ಲಿ ಮಂಜು, ಚಳಿ."

"ಚಳಿ ನಂಗೆ ಹೊಸದಾ? ನೀನು ಅಲ್ಲಿಗೆ ಬರೋವಾಗ ನಾನಲ್ಲಿರ್ಬೇಕು." ಎರ್ಸೀಲಿಯಾ ಬೆಂಕಿಯ ಕಡೆ ತಿರುಗಿದಳು. "ಕುಡಿ. ಆರೋಗುತ್ತೆ."

ಅಮ್ಮನ ಕಣ್ಣೆದುರೇ ಅಣ್ಣನನ್ನು ಮಾತಾಡಿಸದೆ ದಾಟಬೇಕು. ನೂಬಿಯಾ ಬೆಲ್ಲದ ನೀರನ್ನು ಬಿಸಿಬಿಸಿ ನುಂಗಿ ನಾಲಿಗೆ ಸುಟ್ಟುಕೊಂಡಳು.

ಏರಿನ ಬಗ್ಗೆ ಹೇಳುವುದೇನಿದೆ? ಹಳ್ಳಿಯವರು ರಸ್ತೆಯ ಎರಡೂ ಬದಿ ನಿಂತು ರೇಡಿಯೊ ಕಿವಿಗೊತ್ತಿಕೊಂಡೇ ಕೂಗುತ್ತಿದ್ದರು, "ಹೋಗೇ ಮೇಕೇ! ಹೋಗೇ ತಾಯೀ!" ಅರ್ಧ ಬೆಟ್ಟದಲ್ಲಿ ಅವಳ ಹಿಂದೆ ಏಳು ಜನ, ಮುಕ್ಕಾಲಿನಲ್ಲಿ ಒಬ್ಬಳು, ನೆತ್ತಿಯ ಹತ್ತಿರ ಯಾರೂ ಇಲ್ಲ. ಅಲ್ಲಿ ಮರಗಳು ಮುಗಿದು ಪಾಳು ಹುಲ್ಲುಗಾವಲು ಶುರುವಾಗುತ್ತದೆ. ಮಂಜಿನಲ್ಲಿ ಆಳೆತ್ತರದ ಬೂದು ಗಿಡಗಳು ಮೌನವಾಗಿ ನಿಂತಿರುತ್ತವೆ, ಮೆರವಣಿಗೆ ನಿಂತುಹೋದ ಸನ್ಯಾಸಿಗಳ ಹಾಗೆ. ಇಳಿಜಾರಿನ ಚಳಿಗಾಳಿ ತಡೆಯಲು ಅಂಗಿಯೊಳಗೆ ಎದೆಗೆ ಸೇರಿಸಿಕೊಳ್ಳಲೆಂದು ಯಾರೋ ಹಳೆಯ ಪತ್ರಿಕೆಯ ಹಾಳೆ ಕೊಟ್ಟರು. ಮೋಟಾರ್ ಸೈಕಲ್ಲಿನ ಮೇಲೆ ಅರಿಸ್ತೊಬುಲೊ ಪಕ್ಕಕ್ಕೆ ಬಂದ.

"ಅರ್ಧ ನಿಮಿಷ ಮುಂದಿದೀಯ. ಹಿಂದೆ ಬರ್ತಿರೋದು ತುಂಹಾ ಊರಿನ ಹುಡುಗಿ, ಕಲ್ಲು ಉರುಳಿದಂಗೆ ಇಳೀತಾಳೆ. ಮಗಾ, ಸತ್ತವ್ರು ಕಾಯ್ತಾರೆ. ಅವ್ರಿಗೆ ಬೇರೆ ಕೆಲಸ ಇಲ್ಲ."

ಮೊದಲ ಶಿಲುಬೆ ನೆತ್ತಿಯ ಕೆಳಗೇ ಇತ್ತು, ಬಸ್ಸಿನ ಅಪಘಾತದ್ದು, ಒಂದೇ ಕಂಬಕ್ಕೆ ಹಲವು ಹೆಸರು. ನೂಬಿಯಾಳ ಬಲಗೈ ಎದ್ದಿತು. ಬೆರಳುಗಳನ್ನು ಹಿಡಿಗೆ ಒತ್ತಿದಳು. "ಕ್ಷಮಿಸಿ," ಎಂದು ಬಾಯಲ್ಲಿ ಅಂದಳು, ದಾಟಿದಳು. ಎರಡನೆಯದು ಹಾಲಿನವನದು. ಅವನನ್ನು ಅವಳು ಬಲ್ಲಳು, ಚಿಕ್ಕಂದಿನಲ್ಲಿ ಕೆನೆ ಕೊಡುತ್ತಿದ್ದ. "ಕ್ಷಮಿಸು ಮಾಮ." ದಾಟಿದಳು. ಬೆನ್ನು ತಣ್ಣಗಾಯಿತು. ಮಾತಾಡಿಸದೆ ಬಿಟ್ಟವರೆಲ್ಲ ರಸ್ತೆಗೆ ಇಳಿದು ತನ್ನ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ವೇಗ ಏರುತ್ತಿತ್ತು. ಮೂರನೆಯದರ ಹತ್ತಿರ ಹೆದರಿ ನಡಿಗೆಯ ವೇಗಕ್ಕಿಳಿಯುವಷ್ಟು ಬ್ರೇಕು ಹಿಡಿದಳು; ಅಷ್ಟರಲ್ಲೇ ತುಂಹಾದ ಹುಡುಗಿ ಪಕ್ಕದಲ್ಲಿ ಸುಯ್ ಎಂದು ಹೋದಳು, ಹೋಗುತ್ತಲೇ ಅವಳೂ ಗಬಕ್ಕನೆ ಹಣೆ ಮುಟ್ಟಿಕೊಂಡಳು. ಒಂದು ಕೈ ಗಾಳಿಯಲ್ಲಿ.

"ಕೈ ಕೆಳಗೆ!" ನೂಬಿಯಾ ಕಿರುಚಿದಳು. ಅದು ರೇಸಿನ ಮಾತಲ್ಲ. ಹುಡುಗಿ ಬೆಚ್ಚಿ ಹಿಡಿ ಹಿಡಿದಳು. ನೂಬಿಯಾ ಬ್ರೇಕು ಬಿಟ್ಟಳು.

ಆ ತಿರುವು ಮಂಜಿನೊಳಗಿಂದ ಬಂತು.

ಅಂಚಿನಲ್ಲಿ ಬಿಳಿ ಶಿಲುಬೆ ಇರಲಿಲ್ಲ. ಕಬ್ಬಿಣದ್ದೂ ಇರಲಿಲ್ಲ. ಅಲ್ಲಿ ನಿಂತಿದ್ದಳು ಅಮ್ಮ. ಎರಡೂ ತೋಳು ಚಾಚಿ, ಆ ದೊಡ್ಡ ರುವಾನಾವನ್ನು ರೆಕ್ಕೆಯ ಹಾಗೆ ಹರಡಿ, ಬೆನ್ನ ಹಿಂದೆ ಸತ್ತವರಿಬ್ಬರನ್ನೂ ಮುಚ್ಚಿಕೊಂಡು ನಿಂತಿದ್ದಳು. ತೋಳು ಚಾಚಿದ ಅವಳೇ ಒಂದು ಕಂದು ಶಿಲುಬೆಯ ಹಾಗೆ ಕಂಡಳು. ನೂಬಿಯಾಳ ಕೈ ಹಿಡಿಯಿಂದ ಸಡಿಲಿತು.

"ಎರಡೂ ಕೈ!" ಎರ್ಸೀಲಿಯಾ ಕೂಗಿದಳು. ಹಸುಗಳನ್ನು ಬೆಟ್ಟದಾಚೆಯಿಂದ ಕರೆಯುವ ಗಂಟಲಿನಲ್ಲಿ ಕೂಗಿದಳು. "ಎರಡೂ ಕೈ, ನೂಬಿಯಾ! ಎರಡೂ ಕೈ!"

ಎರಡೂ ಕೈ ಹಿಡಿಯ ಮೇಲಿದ್ದವು. ಸೈಕಲ್ಲು ಬಾಗಿತು, ಗೆರೆ ಹಿಡಿಯಿತು, ಅಮ್ಮನ ಕಾಲಿನ ಹತ್ತಿರದಿಂದ ಹಾದು ತಿರುವನ್ನು ದಾಟಿತು.

ಆಮೇಲೆ ಗಾಳಿ ಮಾತ್ರ. ಸೇತುವೆಯ ತನಕ ಅವಳು ಕಿವಿ ಹಿಂದಕ್ಕಿಟ್ಟೇ ಇಳಿದಳು. ಬೆನ್ನ ಹಿಂದೆ ಯಾರೂ ಬರಲಿಲ್ಲ.

ಸೇತುವೆಯ ಆಚೆ ನೂಬಿಯಾ ತುಂಹಾದ ಹುಡುಗಿಯನ್ನು ಹಿಡಿದಳಾದರೂ, ಸಾನ್ ರೋಕೆಯ ಚರ್ಚಿನ ಮುಂದೆ ಕೊನೆಯ ಓಟದಲ್ಲಿ ಆ ಹುಡುಗಿ ಒಂದು ಚಕ್ರದ ಅಂತರದಿಂದ ಸೋಲಿಸಿದಳು. ಅರಿಸ್ತೊಬುಲೊ ಕುಣಿದಾಡಿದ. "ಎರಡನೇದು! ತಂಡದಲ್ಲಿದೀಯ! ಏರಿಗೆ ಇವಳು, ಇಳಿಜಾರಿಗೂ ಇವಳು! ಕೊನೇ ಓಟ ಮಾತ್ರ, ಅಯ್ಯೋ ದೇವ್ರೇ, ನಮ್ಮತ್ತೆ ಬಸ್ಸಿಗೆ ಓಡಿದಂಗೆ!" ಆಮೇಲೆ ಬಂದ ಯಾನೆತ್ ಸೈಕಲ್ಲನ್ನು ಬಿಸಾಕಿ ಬೆವರಿನ ಸಮೇತ ತಬ್ಬಿಕೊಂಡಳು. "ಹಸು ಈದುಬಿಡ್ತಲ್ಲೇ, ಮಾರಾಯ್ತೀ!"

ರಸ್ತೆ ತೆರೆದ ಮೇಲೆ ಎರ್ಸೀಲಿಯಾ ಬಂದಳು. ಇಬ್ಬರೂ ಚೌಕದ ಮೂಲೆಯಲ್ಲಿ ಸೂಪಿನ ಅಂಗಡಿಯ ಬೆಂಚಿನ ಮೇಲೆ ಕೂತರು. ಜನ, ಬ್ಯಾಂಡು, ಪಟಾಕಿ. ಅಮ್ಮ ಚಮಚದಿಂದ ಸೂಪನ್ನು ಕಲಕಿದಳು.

"ಅವನ ಮೈ ತೊಳೆದೋಳು ನಾನು," ಎಂದಳು. "ಎಡಗೈ ಹರಿದು ಚಿಂದಿ ಆಗಿತ್ತು. ಬಲಗೈ ಮೇಲೆ ಒಂದು ಗೀರೂ ಇರ್ಲಿಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಅಡ್ಡ ಕೂತಿತ್ತು, ಮುತ್ತಿಡೋಕೆ. ಬಿಡಿಸೋಕೆ ನೋಡಿದೆ. ಬರಲಿಲ್ಲ. ಹಂಗೇ ಮಣ್ಣು ಮಾಡಿದ್ವಿ."

ನೂಬಿಯಾ ಅಮ್ಮನ ಕಡೆ ನೋಡಲಾರದೆ ಬಟ್ಟಲನ್ನು ನೋಡಿದಳು. "ನಿಂಗೆ ಅವತ್ತೇ ಗೊತ್ತಿತ್ತಾ?"

"ನೀನು ಕಂಡಿದೀಯ ಅಂತಾನೂ ಗೊತ್ತಿತ್ತು. ನೀನು ಹೇಳಿದ್ರೆ ನಾನು ಸಾಯ್ತೀನಿ ಅನ್ಕೊಂಡೆ. ನೀನು ಹೇಳ್ಲಿಲ್ಲ. ಆಗ್ಲೂ ಸತ್ತೆ." ಎರ್ಸೀಲಿಯಾ ಚಮಚ ಕೆಳಗಿಟ್ಟಳು. "ಅವನಿಗೆ ನಾನೇ ಕಲಿಸಿದ್ದು. ನಿಂಗೂ ನಾನೇ ಕಲಿಸಿದ್ದು. ಅದಕ್ಕೇ ಹೋದೆ."

ಬ್ಯಾಂಡಿನವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಂಡರು.

"ಕೇಳಿಸ್ತಾ?" ಎಂದಳು ಅಮ್ಮ.

"ಏನು?"

"ಅವನ ಚಕ್ರ."

ನೂಬಿಯಾ ಬಟ್ಟಲಿನಿಂದ ತಲೆ ಎತ್ತಿದಳು.

"ಭಾನುವಾರ ಹೋದಾಗೆಲ್ಲ ಕೇಳ್ತಿತ್ತು," ಎಂದಳು ಎರ್ಸೀಲಿಯಾ, ಮಳೆ ಬಿಸಿಲಿನ ಮಾತಾಡುವ ದನಿಯಲ್ಲಿ. "ನಾನು ಕೈ ಎತ್ತಿ ಮುತ್ತಿಟ್ಟ ಮೇಲೆ. ಮಂಜಿಂದ ಬಂದು, ನನ್ನ ಪಕ್ಕದಲ್ಲೇ ಹಾದು, ಸೇತುವೆ ಕಡೆ ಇಳ್ಕೊಂಡು ಹೋಗೋದು. ಇವತ್ತು ನನ್ನ ಎರಡು ಕೈಯೂ ರುವಾನಾ ಹಿಡ್ಕೊಂಡಿದ್ವಲ್ಲ. ಎತ್ತೋಕಾಗ್ಲಿಲ್ಲ. ನೀನು ಹೋದ ಮೇಲೆ ಕಾದೆ. ಎಲ್ಲ ಹುಡುಗೀರೂ ಹೋದ ಮೇಲೂ ಕಾದೆ." ಅವಳು ಮಗಳ ಮುಖ ನೋಡಿದಳು. "ನಿಂಗಾದ್ರೂ ಕೇಳಿಸ್ತಾ ಅಂತ."

"ಇಲ್ಲ ಅಮ್ಮಾ."

"ಹೂಂ," ಎಂದಳು ಎರ್ಸೀಲಿಯಾ. ಮಗಳ ಬಟ್ಟಲಿನತ್ತ ಕೋಳಿಯ ತುಂಡೊಂದನ್ನು ಸರಿಸಿದಳು. "ತಿನ್ನು. ಬರೀ ಮೂಳೆ ಆಗಿದೀಯ."

ತಡವಾಗಿ ಮುಗಿಸಿದ ಹುಡುಗಿಯರು ಒಬ್ಬೊಬ್ಬರಾಗಿ ಸೈಕಲ್ಲು ತಳ್ಳಿಕೊಂಡು ಬೆಂಚಿನ ಹಿಂದಿನ ಕಲ್ಲುಹಾಸಿನ ಮೇಲೆ ಹೋಗುತ್ತಿದ್ದರು. ತಳ್ಳುವ ಚಕ್ರಗಳು ಟಿಕ್ ಟಿಕ್ ಎನ್ನುತ್ತ ಹತ್ತಿರ ಬರುತ್ತಿದ್ದವು, ದಾಟುತ್ತಿದ್ದವು. ಪ್ರತಿ ಸಲವೂ ತಾಯಿ ಮಗಳು ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು.